ನನ್ನ ಬಣವೆ, ಅವನ ಎತ್ತು

ಹೊಟ್ಟೆಕಿಚ್ಚಿನ ಮನುಷ್ಯ ನಗೆಪಾಟಲಾಗಲು ಬೇರೇನೂ ಬೇಕಾಗಿಲ್ಲ, ಬಾಜೂ ಮನೆ ಒಂದಿದ್ದರೆ ಸಾಕು. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಭಾತಂಬ್ರಾದ ಕಟ್ಟೆಯ ಮೇಲೆಲ್ಲ ರಾಜ್ಯದ ಮಾತೇ ಮಾತು. ನನಗೆ ಮಾತ್ರ ಬಾಜೂದವನ ಜೋಡೆತ್ತಿನ ಚಿಂತೆ. ಕಾರ ಹುಣ್ಣಿಮೆಯ ದಿನ ಊರ ಬಾಗಿಲು ಅಗಸಿಗೆ ಅಡ್ಡಲಾಗಿ ಬೇವಿನ ತೊಪ್ಪಲಿನ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಓಡಿ ಬಂದು ಅದನ್ನು ಮೊದಲು ಹರಿದ ಎತ್ತಿನ ಮನೆಗೆ ಊರಿನ ಮಾನ. ವರ್ಷಾ ವರ್ಷಾ ಅದು ಅವನ ಮನೆಗೇ ಹೋಗುತ್ತಿತ್ತು. ಈ ಸಲ ನನ್ನ ಎತ್ತೇ ಕರಿ ಹರಿಯಬೇಕೆಂದು ಹಟ ಹಿಡಿದಿದ್ದೆ.

೧. ಎತ್ತರದ ಬಣವೆ

ಇಬ್ಬರವೂ ಔರಾದ ಸಂತೆಯಿಂದ ತಂದ ದೇವಣಿ ತಳಿಯ ಎತ್ತುಗಳೇ. ಆದರೆ ಜೋಳದ ಕಣಿಕೆಯನ್ನು ನಾನು ಪೂರ್ತಿ ಬಲಿತು ಒಣಗುವವರೆಗೆ ಹೊಲದಲ್ಲೇ ಬಿಡುತ್ತಿದ್ದೆ. ದಂಟು ದಪ್ಪಗಾದಷ್ಟೂ ಬಣವೆ ದೊಡ್ಡದಾಗುತ್ತದೆ ಎಂಬುದು ನನ್ನ ಲೆಕ್ಕ. ಅವನು ತೆನೆ ಬಲಿತದ್ದೇ ತಡ, ಎಲೆ ಹಸಿರಿದ್ದಾಗಲೇ ಕೊಯ್ದು ಒಣಗಿಸಿ ಒಟ್ಟುತ್ತಿದ್ದ. ಅವನ ಬಣವೆ ಗೋಡೆಯಷ್ಟು, ನನ್ನದು ಬೇವಿನ ಮರದಷ್ಟು. ನನ್ನ ಎತ್ತು ಮಾತ್ರ ಇದ್ದ ನಾಲ್ಕು ಎಲೆ ಆರಿಸಿ ತಿಂದು ದಂಟು ಬಿಡುತ್ತಿದ್ದವು. ಹೊಟ್ಟೆ ತುಂಬಿಸಲು ಭಾಲ್ಕಿ ಬಜಾರದಿಂದ ಹಿಂಡಿ ತರಬೇಕು. ಅವನವು ಬರೀ ಕಣಿಕೆ ತಿಂದು ಮಿರಮಿರ ಮಿಂಚುತ್ತಿದ್ದವು. ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

“ಊರಾಗ ನಮ್ಮ ಬಣವಿಯಷ್ಟು ಎತ್ತರದ್ದು ಯಾರದರೆ ಅದ ಏನು?” ಅಂದೆ ಹೆಂಡತಿಗೆ.

“ಖರೇ ಅದರಿ. ನಮ್ಮ ಎತ್ತಿನ ಎಲುಬೂ ಹಂಗೇ ಎದ್ದು ನಿಂತಾವ,” ಅಂದಳು.

೨. ಮೈಸೂರಿನ ಡಾಕ್ಟರ್ ಸಾಹೇಬರು

ಅಷ್ಟರಲ್ಲಿ ಬೀದರಕ್ಕೆ ಮೈಸೂರು ಕಡೆಯ ದನದ ಡಾಕ್ಟರ್ ಬಂದಿದ್ದರು. ನಮ್ಮೂರಿಗೂ ಬಂದು, ನನ್ನ ಎತ್ತು ಯಾಕೆ ಸೊರಗಿವೆ ಎಂದು ಕೇಳಿದರು.

“ಮೇವಿಗಿ ಕಮ್ಮಿ ಇಲ್ರಿ ಸಾಹೇಬ್ರ. ಬಾಜೂದಾಂವ ದೃಷ್ಟಿ ಹಾಕ್ಯಾನ್ರಿ,” ಅಂದೆ.

ಹಿತ್ತಲಿಗೆ ಕರೆದೊಯ್ದು ಬಣವೆ ತೋರಿಸಿದೆ. ಭತ್ತದ ಹುಲ್ಲಿನ ಸೀಮೆಯವರು ಅವರು. ಒಂದು ದಂಟು ಎಳೆದು, ಮುರಿಯಲು ನೋಡಿ, ಆಗದೆ ಕೈ ಝಾಡಿಸಿಕೊಂಡರು.

“ಸೌದೆ ಚೆನ್ನಾಗಿ ಕೂಡಿಟ್ಟಿದ್ದೀರಿ. ಮೇವೆಲ್ಲಿದೆ, ತೋರಿಸಿ.”

ಗೋಡೆಯಾಚೆ ಬಾಜೂದವನಿಗೆ ಜೋರು ಕೆಮ್ಮು ಬಂತು. ಅವನಿಗೆ ಕೆಮ್ಮಿನ ರೋಗ ಇರಲೇ ಇಲ್ಲ.

೩. ಕರಿ ಹರಿದದ್ದು

ಮರುದಿನ ಅವನೇ ಮನೆಗೆ ಬಂದ. “ಕಾಕಾ, ಕಾರ ಹುಣ್ಣಿಮಿತನಾ ನಿಮ್ಮ ಎತ್ತು ನನ್ನ ಕೊಟ್ಟಿಗ್ಯಾಗ ಮೇಯ್ಲಿ ಬಿಡ್ರಿ. ಕಣಿಕಿ ಬೇಕಾದಷ್ಟು ಅದ.”

ಅವನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವನ ಬಣವೆಯಾದರೂ ಕರಗಲಿ ಎಂದು ಒಪ್ಪಿಕೊಂಡೆ. ಎತ್ತು ದಿನಾ ಅಲ್ಲಿಗೆ ಹೋಗಿ ಮೇಯ್ದವು. ಎಲುಬು ಮುಚ್ಚಿದವು, ಮೈ ಹೊಳೆಯಿತು, ಹಿಂಡಿಯ ಖರ್ಚೂ ನಿಂತಿತು.

ಹುಣ್ಣಿಮೆಯ ಸಂಜೆ ಹಲಗಿ ಬಾರಿಸಿದ್ದೇ ತಡ, ನನ್ನ ಜೋಡಿ ಎಲ್ಲರನ್ನೂ ಹಿಂದೆ ಹಾಕಿತು. ಅವನ ಜೋಡಿಯೂ ಹಿಂದೆ! ಜನ್ಮಕ್ಕೆ ಅಂಥ ಸುಖ ಕಂಡಿರಲಿಲ್ಲ. ರುಮಾಲು ಬಿಚ್ಚಿ ಹಾರಿಸಿದೆ. ಕರಿ ಇನ್ನೇನು ಹರಿಯಬೇಕು, ಅಗಸಿಗೆ ಮೊದಲೇ ಎಡಕ್ಕೆ ನಮ್ಮ ಓಣಿ. ಎರಡೂ ಎತ್ತು ಸರಕ್ಕನೆ ಓಣಿಗೆ ತಿರುಗಿ, ನನ್ನ ಮನೆ ದಾಟಿ, ನೆಟ್ಟಗೆ ಬಾಜೂದವನ ಕೊಟ್ಟಿಗೆ ಹೊಕ್ಕವು. ಹಿಂದೆ ಬಂದ ಅವನ ಜೋಡಿ ಕರಿ ಹರಿಯಿತು.

ನಾನು ಕೊಟ್ಟಿಗೆಗೆ ಓಡಿದೆ. ಹಗ್ಗ ಎಳೆದೆ, ಬೈದೆ, ಕೈಮುಗಿದೆ. ಅಲುಗಲಿಲ್ಲ. ಕೊನೆಗೆ ಅವನದೇ ಕಣಿಕೆಯ ಒಂದು ಸಿವುಡು ಎತ್ತಿಕೊಂಡು ಮುಂದೆ ನಡೆದೆ. ಆಗ ಹಿಂದೆ ಬಂದವು. ಮೈತುಂಬ ಗುಲಾಲು ಮೆತ್ತಿಕೊಂಡ ಬಾಜೂದವನು ಬಾಗಿಲಲ್ಲೇ ಎದುರಾದ.

“ಇನ್ನೊಂದು ಸಿವುಡು ಒಯ್ರಿ ಕಾಕಾ,” ಅಂದ.

ಹಿಂದೆಯೇ ಬಂದಿದ್ದ ನನ್ನ ಹೆಂಡತಿ ಅವನನ್ನು ತಡೆದಳು.

“ಬ್ಯಾಡೋ ತಮ್ಮಾ, ಎತ್ತು ನಿನ್ನ ಕೊಟ್ಟಿಗ್ಯಾಗೇ ಇರ್ಲಿ. ಅವುಗಳ ಬಾಜೂಕ ಇವರನ್ನೂ ಕಟ್ಟಿಬಿಡು. ಎತ್ತಾದ್ರೂ ಹೊಟ್ಟಿ ತುಂಬಿದ ಮ್ಯಾಲ ಮಾರಿ ಆ ಕಡಿ ತಿರುಗಿಸ್ತಾವ. ಹಗಲೆಲ್ಲ ನಿನ್ನ ಬಣವಿ ನೋಡ್ಕೋತ ನಿಂದರೋರು ಇವರೇ!”