ಕೆಂಪು ಬಂದರೆ ಬಾಯಿ ಬಂದ್

ತುಮಕೂರಿನ ಅನಂತರಾಜು ಬಾಯಿ ತೆರೆದರೆ ಮುಗಿಯಿತು, ಬಸ್ಸು ಕುಣಿಗಲ್ ಮುಟ್ಟಿದರೂ ಮಾತು ನಿಲ್ಲುತ್ತಿರಲಿಲ್ಲ. ಮಗಳು ಇಂಪನಾಳನ್ನು ನೋಡಲು ಕುಣಿಗಲ್‌ನಿಂದ ಬಂದವರಿಗೆ ಆತ ಯುಪಿಎಸ್ ಒಳಗೆ ಕರೆಂಟು ಹೇಗೆ ಹರಿಯುತ್ತದೆಂದು ವಿವರಿಸತೊಡಗಿದ. ಉಪ್ಪಿಟ್ಟು ಆರಿತು, ಕಾಫಿ ಆರಿತು, ಕೊನೆಗೆ ಅವರ ಉತ್ಸಾಹವೂ ಆರಿತು. (ಹುಡುಗಿ ಹೊರಗೆ ಬರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿದ್ದರು.)

ಈಗ ಗುಬ್ಬಿಯ ಸಂಬಂಧ ಬಂದಿತ್ತು. ಹುಡುಗ ಚೈತನ್ಯ ಇಂಪನಾಳಿಗೂ ಮೆಚ್ಚುಗೆಯಾಗಿದ್ದ. ಹೆಂಡತಿ ಚೆನ್ನಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ರೀ, ಈ ಸಲ ಬಾಯಿಗೆ ಬೀಗ ಹಾಕೊಳ್ಳಿ."

"ಯಜಮಾನ ಮಾತಾಡ್ದಿದ್ರೆ ಮೂಗ ಅಂದ್ಕೊಳಲ್ವೇನೇ?"

"ಮೂರು ನಿಮಿಷ ಮಾತಾಡಿ. ಆಮೇಲೆ ತುಟಿ ಪಿಟಕ್ ಅನ್ಬಾರ್ದು."

"ಅಪ್ಪಾ, ಪ್ಲೀಸ್, ಇದನ್ನೂ ಕೆಡಿಸ್ಬೇಡ" ಎಂದಳು ಇಂಪನಾ.

ಮೂರು ನಿಮಿಷ! ಅನಂತರಾಜುವಿಗೆ ಮೈಯೆಲ್ಲ ಪುಳಕ. ಒಂದು ಟೈಮರ್ ಐಸಿ, ಒಂದು ಕೆಪಾಸಿಟರ್, ಹಸಿರು ಕೆಂಪು ಎರಡೂ ಬಣ್ಣ ಬೀರುವ ಒಂದೇ ಎಲ್‌ಇಡಿ! ಗುಂಡಿ ಒತ್ತಿದರೆ ಹಸಿರು, ಮೂರು ನಿಮಿಷವಾದೊಡನೆ ಕೆಂಪು. ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದ. ಈ 'ವಾಕ್‌ಸಂಯಮ ಮಹಾಯಂತ್ರ'ದ ಒಳಗುಟ್ಟನ್ನೆಲ್ಲ ಪಾತ್ರೆ ತೊಳೆಯುತ್ತಿದ್ದ ಚೆನ್ನಮ್ಮನ ಬೆನ್ನಿಗೆ ವಾರವಿಡೀ ಒಪ್ಪಿಸಿದ. ಯಂತ್ರ ಟಿವಿ ಪಕ್ಕ ಕೂತಿತು, ವೈರು ಎಳೆದು ಗುಂಡಿಯನ್ನು ಚೆನ್ನಮ್ಮನ ಕೈಗೇ ಕೊಟ್ಟ.

"ಮಗಳ ಆಣೆ ಕಣೇ. ಕೆಂಪು ಹತ್ತಿದ್ರೆ ನಾನು ಬಾಯಿ ಬಿಡಲ್ಲ."

ಭಾನುವಾರ ಚೈತನ್ಯನ ಅಪ್ಪ ಅಂಜಿನಪ್ಪ ಹೆಂಡತಿ ಮಗನೊಂದಿಗೆ ಬಂದರು. ಚೆನ್ನಮ್ಮ ಗುಂಡಿ ಒತ್ತಿದಳು. ಅನಂತರಾಜು ಮಳೆಯ ಮಾತು ಮುಗಿಸಿದ, ಕೊಬ್ಬರಿ ರೇಟಿನ ಮಾತು ಮುಗಿಸಿದ. "ನಮ್ ಇಂಪನಾ ಚಿಕ್ಕೋಳಿದ್ದಾಗ ದೇವರಾಯನದುರ್ಗದಲ್ಲಿ ಒಂದು ಕೋತಿ..."

ಕೆಂಪು! ಬಾಯಿ ಗಪ್ಪೆಂದು ಮುಚ್ಚಿತು.

"ಕೋತಿ ಏನ್ ಮಾಡ್ತು?" ಅಂಜಿನಪ್ಪ ಕೇಳಿದರು. ಅನಂತರಾಜು ಸುಮ್ಮನೆ ನಕ್ಕ. ಅವರು ಕಾದು ಕಾದು ಟಿವಿ ಕಡೆ ತಿರುಗಿದರು. "ಅದೇನ್ ಸ್ವಾಮಿ, ಹಸಿರಿದ್ದ ದೀಪ ಕೆಂಪಾಯ್ತು? ಹೆಂಗೆ?"

ಅಯ್ಯೋ ದೇವರೇ! ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ! ಆತ ಗುಂಡಿಯತ್ತ ದೈನ್ಯದಿಂದ ನೋಡಿದ. ಚೆನ್ನಮ್ಮ ಒತ್ತಲಿಲ್ಲ, ತಾನೇ ಬಾಯಿ ತೆರೆದಳು.

"ಒಳಗೆ ಕೆಪಾಸಿಟರ್ ಐತೆ. ನಲ್ಲಿ ಕೆಳಗಿಟ್ಟ ಬಿಂದಿಗೆ ಅಂದ್ಕೊಳಿ. ಕರೆಂಟು ನಿಧಾನಕ್ಕೆ ತುಂಬಿ, ಮೂರರಲ್ಲಿ ಎರಡು ಪಾಲಾಗ್ತಿದ್ದಂಗೆ ಐಸಿಗೆ ಗೊತ್ತಾಗಿ ಹಸಿರು ಆರ್ಸಿ ಕೆಂಪು ಹತ್ತಿಸ್ತದೆ."

"ಇನ್ನೂ ತಡವಾಗಿ ಹತ್ಬೇಕು ಅಂದ್ರೆ?" ಅಂಜಿನಪ್ಪ ಕುರ್ಚಿ ಮುಂದಕ್ಕೆಳೆದರು.

"ದೊಡ್ಡ ಬಿಂದಿಗೆ ಇಡ್ಬೇಕು, ಇಲ್ಲಾ ನಲ್ಲಿ ಸಣ್ಣ ಮಾಡ್ಬೇಕು."

ಅನಂತರಾಜುವಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

"ಸಂಬಂಧ ಒಪ್ಪಿಗೆ!" ಅಂಜಿನಪ್ಪ ತೊಡೆ ತಟ್ಟಿದರು. "ಇಂಥದ್ದನ್ನ ಕಟ್ಟೋ ತಾಯಿಗೆ ಹುಟ್ಟಿದ ಮಗಳು ಅಂದ್ಮೇಲೆ ಇನ್ನೇನ್ ನೋಡೋದು!"

'ಕಟ್ಟಿದ್ದು ನಾನು!' ಎಂಬ ಕೂಗು ಗಂಟಲವರೆಗೆ ಬಂತು. ದೀಪ ಕೆಂಪಗೇ ಉರಿಯುತ್ತಿತ್ತು, ಬಾಗಿಲಲ್ಲಿ ಇಂಪನಾ ಕೈ ಮುಗಿದು ನಿಂತಿದ್ದಳು. ಆತ ಕೂಗನ್ನು ಕೇಸರಿಬಾತ್ ಜೊತೆ ನುಂಗಿಕೊಂಡ.

ಹೊರಡುವಾಗ ಅಂಜಿನಪ್ಪನವರ ಹೆಂಡತಿ ಚೆನ್ನಮ್ಮನನ್ನು ಪಕ್ಕಕ್ಕೆ ಕರೆದು ಕನಿಕರದಿಂದ ಹೇಳಿದರು: "ಯಜಮಾನ್ರಿಗೆ ಮಾತು ಅರ್ಧಕ್ಕೇ ಸಿಕ್ಕಾಕೊಳ್ತದಲ್ಲ, ದಿನಾ ಬೆಳಿಗ್ಗೆ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಕಣಮ್ಮಾ. ನಮ್ ಮೊಮ್ಮಗೂಗೂ ಹಂಗೇ ಮಾಡಿದ್ವಿ, ಈಗ ಚೆನ್ನಾಗ್ ಮಾತಾಡ್ತದೆ."