ಅವಸರದ ಬೋರ್ಡು ಮತ್ತು ಇಲ್ಲದ ಪ್ರಿಂಟರು

ಯಂತ್ರಗಳ ಸಹವಾಸದಿಂದ ಮನುಷ್ಯನ ಸ್ವಭಾವವೇ ಬದಲಾಗಿಬಿಡುತ್ತದೆ ಎಂದು ಬಲ್ಲವರು ಬಹಳ ಗಂಭೀರವಾಗಿ ಬರೆಯುತ್ತಾರೆ. ಅವರು ನನ್ನ ಭಾವನನ್ನು ನೋಡಿದವರಲ್ಲ. ಹದಿನೆಂಟು ವರ್ಷದ ಸಹವಾಸದಲ್ಲಿ ಬದಲಾದದ್ದು ಕಂಪ್ಯೂಟರುಗಳೇ, ಅದೂ ಮೂರು ಸಲ. ಭಾವನದು ಅದೇ ಉದ್ದ ಕೊಡೆ, ಅದೇ ಅರ್ಧ ತೋಳಿನ ಅಂಗಿ, ಅದೇ ಹಠ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಗಡಿನಾಡಿನ ನಮ್ಮ ಬಂದ್ಯೋಡಿನಿಂದ ಬಸ್ಸು ಹಿಡಿದು, ನಾನು ಕನ್ನಡ ಕಲಿಸುವ ಹೈಸ್ಕೂಲಿಗೇ ಗಣಿತ ಕಲಿಸಲು ಬರುತ್ತಾರೆ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಭಾವ ಎನ್ನುತ್ತಾರೆ. ಕಣ್ಣೂರು ಕಡೆಯಿಂದ ಬಂದ ನಮ್ಮ ಎಚ್.ಎಂ. ಟೀಚರ್ ಆರು ತಿಂಗಳು ಅದು ಯಾವುದೋ ಹುದ್ದೆಯ ಹೆಸರೆಂದೇ ತಿಳಿದಿದ್ದರು. ಕಂಪ್ಯೂಟರ್ ಭಾವನ ತಲೆಗೆ ಬಂದ ಬಗೆ ಸರಳ. ಐ.ಟಿ. ಪೀರಿಯಡ್ಡು ಯಾರಿಗೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ಚರ್ಚೆಯಾಗುವಾಗ ಅವರು ಚಾ ಕುಡಿಯಲು ಹೊರಗೆ ಹೋಗಿದ್ದರು. ಉಳಿದವರೆಲ್ಲ ಒಳಗಿದ್ದರು. ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೇ?

ವಹಿಸಿಕೊಂಡ ಮೇಲೆ ಅವರು ಮೊದಲು ಮಾಡಿದ ಘನಕಾರ್ಯ ಲ್ಯಾಬಿನ ಪಾಸ್‌ವರ್ಡ್. ತುಳುವಿನದೊಂದು ಶಬ್ದ, ಬ್ಯಾರಿಯದೊಂದು, ಕನ್ನಡದ್ದೊಂದು, ಮಲಯಾಳದ್ದೊಂದು, ಎಲ್ಲ ಸೇರಿಸಿ ಹೊಲಿದದ್ದು. ಕಳ್ಳ ಮಂಗಳೂರಿನವನಾದರೆ ಮಲಯಾಳದಲ್ಲಿ ಸಿಕ್ಕಿಬೀಳುತ್ತಾನಂತೆ, ಕಣ್ಣೂರಿನವನಾದರೆ ತುಳುವಿನಲ್ಲಿ.

“ನಾಲ್ಕೂ ಬರುವವನಾದರೆ?” ಎಂದು ಕೇಳಿದೆ.

“ಹಾಗಾದರೆ ಅವ ನಮ್ಮವನೇ ಭಾವ. ಕದಿಯಲಿಕ್ಕಿಲ್ಲ.”

ಮೇಲಿನವರು ಲ್ಯಾಬ್ ನೋಡಲು ಬಂದ ದಿನ, ಮೊದಲಿನ ಶಬ್ದ ಬ್ಯಾರಿಯದೋ ತುಳುವಿನದೋ ಎಂಬುದು ಭಾವನಿಗೇ ಮರೆತುಹೋಗಿ, ಬಂದವರು ಮುಚ್ಚಿದ ಕಂಪ್ಯೂಟರುಗಳನ್ನೇ ಭಕ್ತಿಯಿಂದ ನೋಡಿ ಹೋದರು. ಸುರಕ್ಷತೆ ಉತ್ತಮವಾಗಿದೆ ಎಂದು ಬರೆದರು. ಸುಳ್ಳೇನಲ್ಲ!

ಮುಂದಿನದು ಬೋರ್ಡಿನ ಪ್ರಕರಣ. ಅಂತರ್ಜಾಲದಲ್ಲಿ ತೊಂದರೆಗೆ ಸಿಕ್ಕಿದ ಮಕ್ಕಳಿಗೆ ದೂರು ಹೇಳಲು ‘ಅವಸರಂ’ ಕೊಡಬೇಕೆಂದು ಮಲಯಾಳದಲ್ಲಿ ಸುತ್ತೋಲೆ ಬಂತು. ಆ ಭಾಷೆಯಲ್ಲಿ ಅವಸರಂ ಎಂದರೆ ಅವಕಾಶ. ಇಷ್ಟು ಗೊತ್ತಿಲ್ಲದವರಲ್ಲ ನಮ್ಮ ಭಾವ; ಆದರೆ ಅಂದು ಬಸ್ಸಿಗೆ ಹೊತ್ತಾಗಿತ್ತು. ಮರುದಿನ ಲ್ಯಾಬಿನ ಬಾಗಿಲಲ್ಲಿ ಮೊಳದುದ್ದದ ಕನ್ನಡ ಅಕ್ಷರ ನೇತಾಡಿತು: ‘ಮೊಬೈಲಿನಲ್ಲಿ ತೊಂದರೆಯಾದವರಿಗೆ ದೂರು ಹೇಳಲು ಅವಸರ ಉಂಟು.’

ಕನ್ನಡ ಮಾಷ್ಟ್ರಾಗಿ ಇದನ್ನು ಸಹಿಸುವುದು ಹೇಗೆ? ಎಚ್.ಎಂ. ಹತ್ತಿರ ದೂರು ಕೊಟ್ಟೆ. ಕನ್ನಡ ಓದಲು ಬಾರದ ಅವರು ಓದಿಸಿ ಕೇಳಿ, “ಅವಸರಂ ಶರಿಯಲ್ಲೇ ಮಾಷೆ?” ಎಂದು ನನ್ನನ್ನೇ ಸಂಶಯದಿಂದ ನೋಡಿದರು. ಸರಿಯಾಗಿಯೇ ಉಂಟಲ್ಲ ಎಂಬುದು ಅವರ ವಾದ. ಭಾವನಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಪೈಂಟು ಒಣಗಿದೆ ಎಂಬ ಉತ್ತರ ಬಂತು.

ಬೋರ್ಡಾಯಿತು, ಮಕ್ಕಳು ಬರಬೇಡವೇ? ಬಂದು ನಾಲ್ಕು ಜನರ ಮುಂದೆ ‘ನನಗೆ ಹೀಗಾಗಿದೆ’ ಎನ್ನಲು ಯಾವ ಮಗುವಿಗೆ ನಾಲಗೆ ಏಳುತ್ತದೆ? ಭಾವ ಇದಕ್ಕೊಂದು ಗುಪ್ತವಾಕ್ಯ ಕಂಡುಹಿಡಿದರು. “ಮಾಷೆ, ಪ್ರಿಂಟರಲ್ಲಿ ಪೇಪರ್ ಸಿಕ್ಕಿದೆ” ಎಂದರೆ ಸಾಕು. ಅವರು ಎಲ್ಲಿದ್ದರೂ ಎದ್ದು ಬರುತ್ತಾರೆ, ಬೈಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಪ್ರಿಂಟರೇ ಇಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಒಂದೇ ವಾರದಲ್ಲಿ ಆ ಇಲ್ಲದ ಪ್ರಿಂಟರು ಶಾಲೆಯಲ್ಲಿ ಅತಿ ಹೆಚ್ಚು ಕೆಟ್ಟುಹೋಗುವ ಯಂತ್ರವಾಯಿತು. ಗಣಿತದ ಪರೀಕ್ಷೆ ಇದ್ದ ದಿನ ಎಂಟನೇ ತರಗತಿಯಲ್ಲಿ ಐದು ಸಲ ಪೇಪರ್ ಸಿಕ್ಕಿತು. ಐದು ಸಲವೂ ಭಾವ ಹೊರಗೆ ಹೋದರು. ವರಾಂಡದಲ್ಲಿ ಒಬ್ಬನನ್ನು ನಿಲ್ಲಿಸಿ ಎಂತ ಆಯ್ತು ಎಂದು ವಿಚಾರಿಸುವುದು ನನ್ನ ಕಿವಿಗೆ ಬಿತ್ತು.

“ಎಂತ ಇಲ್ಲ ಮಾಷೆ. ಸುಮ್ಮನೆ.”

“ಆಯ್ತು. ನಿಜವಾಗಿ ಆದ ದಿನವೂ ಹೀಗೆಯೇ ಬಾ.”

ನನ್ನ ಹೊಸ ಮನೆಯ ಒಕ್ಕಲಿನ, ಎಂದರೆ ಗೃಹಪ್ರವೇಶದ, ಊಟದಲ್ಲಿ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಭಾವನಿಗೆ ಫೋನು ಬಂತು. ಎಂಜಲು ಕೈಯಲ್ಲೇ ಎದ್ದು ತೋಟದ ಕಡೆ ನಡೆದರು. ಮರಳಿ ಬರುವಾಗ ಪಂಕ್ತಿ ಎದ್ದಿತ್ತು, ನನ್ನ ಹೆಂಡತಿಯ ಕೋಪವೂ ಎದ್ದಿತ್ತು. ವಿಷಯವೇನು? ಆಟದಲ್ಲಿ ಪುಕ್ಕಟೆ ವಜ್ರ ಕೊಡುತ್ತೇವೆಂದು ಮೆಸೇಜು ಬಂದಿದೆ, ಒತ್ತಲೋ ಬೇಡವೋ ಎಂದು ಆರನೆಯ ತರಗತಿಯವಳೊಬ್ಬಳು ಕೇಳಿದ್ದಳಂತೆ.

“ಅಷ್ಟಕ್ಕೆ ಊಟ ಬಿಟ್ಟು ಏಳುವುದಾ ಅಣ್ಣ?”

“ಹೋಳಿಗೆ ಇನ್ನೊಂದು ಬಡಿಸಬಹುದು ತಂಗೀ. ಒತ್ತಿದ್ದನ್ನು ವಾಪಸ್ ತೆಗೆಯಲಿಕ್ಕಾಗುವುದಿಲ್ಲ.”

ಶಾಲೆಯ ಶಿಸ್ತು ಹೀಗೆ ಮಣ್ಣುಪಾಲಾಗುವುದನ್ನು ನೋಡಿ ಸ್ಟಾಫ್ ಸೆಕ್ರೆಟರಿಯಾದ ನಾನು ಒಂದು ನಿರ್ಣಯ ಬರೆದೆ. ‘ಅಸ್ತಿತ್ವದಲ್ಲಿಲ್ಲದ ಪ್ರಿಂಟರಿನ ನೆಪದಲ್ಲಿ ಪಾಠಪ್ರವಚನಗಳಿಗೆ ಭಂಗ ಬರುತ್ತಿರುವುದರಿಂದ, ಸದರಿ ವಾಕ್ಯವನ್ನು ಈ ಮೂಲಕ ರದ್ದುಪಡಿಸತಕ್ಕದ್ದು.’ ಎಂಥ ಕನ್ನಡ! ನಾಲ್ಕು ಸಲ ಓದಿ ಜೇಬಿನಲ್ಲಿಟ್ಟುಕೊಂಡೆ.

ಆ ದಿನಗಳಲ್ಲಿ ನನಗೆ ಇನ್ನೊಂದು ಸಿಟ್ಟೂ ಇತ್ತು. ಹತ್ತನೆಯ ತರಗತಿಯಲ್ಲಿ ಮುತ್ತು ಪೋಣಿಸಿದಂತೆ ಬರೆಯುವ ಹುಡುಗಿಯೊಬ್ಬಳು ಎರಡು ವಾರದಿಂದ ಖಾಲಿ ಪುಸ್ತಕ ತರುತ್ತಿದ್ದಳು. ಮೊಬೈಲು ಜಾಸ್ತಿಯಾಯಿತೋ ಎಂದು ಎಲ್ಲರೆದುರು ಗದರಿದ್ದೆ. ಅವಳು ಬೆಂಚು ನೋಡುತ್ತ ನಿಂತಿದ್ದಳು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ಮೀಟಿಂಗು. ನಾನು ಎದ್ದು, ಕೆಮ್ಮಿ, ಕಾಗದ ಬಿಡಿಸಿದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅದೇ ಹುಡುಗಿ, ಬ್ಯಾಗನ್ನು ಎದೆಗೆ ಒತ್ತಿಕೊಂಡು.

“ಮಾಷೆ, ಪ್ರಿಂಟರಲ್ಲಿ ಪೇಪರ್ ಸಿಕ್ಕಿದೆ.”

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆಲ್ಲಿ ಸಿಗಬೇಕು? ಭಾವ ನಗಲಿಲ್ಲ. ಎಂಟನೆಯವರಿಗೆ ಎದ್ದಷ್ಟೇ ಬೇಗ ಎದ್ದರು. ಬಾಗಿಲು ದಾಟುವಾಗ ವಿಜ್ಞಾನದ ಟೀಚರನ್ನೂ ಜೊತೆಗೆ ಕರೆದರು. ಮೂವರೂ ಲ್ಯಾಬಿನ ಕಡೆ ಹೋದರು. ಒಂದು ಗಂಟೆಯಾದರೂ ಬರಲಿಲ್ಲ. ನಿರ್ಣಯ ಮಂಡನೆಯಾಗಲಿಲ್ಲ.

ಸೋಮವಾರ ಎಂತ ಭಾವ ಅದು ಎಂದು ಕೇಳಿದೆ.

“ಪೇಪರ್ ತೆಗೆದಾಯ್ತು” ಎಂದರು. ಹೆಚ್ಚು ಒಂದಕ್ಷರ ಬರಲಿಲ್ಲ. ನನ್ನ ಹೆಂಡತಿ ಅಣ್ಣನಿಗೆ ಎರಡು ಸಲ ಹೋಳಿಗೆ ಮಾಡಿಟ್ಟು ಕೇಳಿದಳು. ಹೋಳಿಗೆ ಮುಗಿಯಿತು, ಅಷ್ಟೇ.

ಸಂಗತಿ ಗೊತ್ತಾದದ್ದು ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಅವಳ ಬಾಯಿಂದಲೇ. ಮಂಗಳೂರಿನ ಹುಡುಗಿ ಎಂದು ಹೇಳಿಕೊಂಡು ಮೊಬೈಲಿನಲ್ಲಿ ಸ್ನೇಹ ಮಾಡಿದ ಯಾವನೋ, ಇವಳ ಮುಖವನ್ನು ಇನ್ಯಾವುದೋ ಚಿತ್ರಕ್ಕೆ ಅಂಟಿಸಿ, ಹೇಳಿದ ಹಾಗೆ ಕೇಳದಿದ್ದರೆ ಊರಿಗೆಲ್ಲ ಕಳಿಸುತ್ತೇನೆಂದು ಹೆದರಿಸುತ್ತಿದ್ದನಂತೆ. ಶಾಲೆ ಬಿಟ್ಟು ಮನೆಯಲ್ಲಿರುವುದೆಂದು ತೀರ್ಮಾನಿಸಿ ಆ ಶುಕ್ರವಾರ ಕಡೆಯ ದಿನವೆಂದೇ ಬಂದಿದ್ದಳು. ಅಂದು ಸಂಜೆಯೇ ಭಾವನೂ ವಿಜ್ಞಾನದ ಟೀಚರೂ ಅವಳ ಮನೆಗೆ ಹೋಗಿ, ತಾಯಿಯನ್ನು ಕೂರಿಸಿ, ತಪ್ಪು ಇವಳದಲ್ಲ ಎಂಬುದನ್ನು ಮೊದಲು ಹೇಳಿ, ಆಮೇಲೆ ಎಲ್ಲರೂ ಒಟ್ಟಿಗೆ ಪೊಲೀಸರಲ್ಲಿಗೆ ಹೋದರು. ಅವನು ಸಿಕ್ಕಿಬಿದ್ದ.

“ಸೋಮವಾರ ಹೇಳುವ ಎಂದೂ ಒಮ್ಮೆ ಅನಿಸಿತ್ತು ಮಾಷೆ,” ಎಂದಳು. “ಆದರೆ ಸೋಮವಾರ ನಾನು ಬರುತ್ತಿರಲಿಲ್ಲ. ಬ್ಯಾಗು ಹಿಡಿದು ಹೊರಟವಳು ಲ್ಯಾಬಿನ ಬಾಗಿಲು ನೋಡಿದೆ. ಅವಸರ ಉಂಟು ಎಂದು ಬರೆದಿತ್ತಲ್ಲ.”

ಬರೆಯುವುದಾದರೆ ಬರೆಯಿರಿ, ಹೆಸರು ಮಾತ್ರ ಬೇಡ ಎಂದು ಅವಳೇ ಅಂದದ್ದರಿಂದ ಇಷ್ಟು ಬರೆದೆ.

ಈ ಜೂನಿನಲ್ಲಿ ಶಾಲೆಗೆ ನಿಜವಾದ ಪ್ರಿಂಟರ್ ಬಂತು. ಅದನ್ನು ಬಿಚ್ಚಿ ಇಟ್ಟರೆ ಒಂದು ದಿನ ನಿಜವಾಗಿಯೇ ಪೇಪರ್ ಸಿಕ್ಕಿ, ಆ ವಾಕ್ಯಕ್ಕೆ ಎರಡು ಅರ್ಥವಾಗುತ್ತದೆ ಎಂದು ಭಾವ ತಕರಾರು ತೆಗೆದರು. ಸ್ಟಾಫ್ ಮೀಟಿಂಗಿನಲ್ಲಿ ಅವರ ಪರವಾಗಿ ನಿರ್ಣಯ ಮಂಡಿಸಿದವನು ನಾನು.

ಹುಡುಗಿ ಹತ್ತು ಪಾಸಾಗಿ ಪ್ಲಸ್ ಒನ್‌ಗೆ ಸೇರಿದಳು. ಬೋರ್ಡು ತಿದ್ದಿಲ್ಲ. ಪ್ರಿಂಟರ್ ಪೆಟ್ಟಿಗೆಯಲ್ಲೇ ಉಂಟು.