ಕೈ ಊರದೆ ಏಳುವುದು

ಎಚ್‌ಐವಿ ಇದ್ದವನು ಮುದುಕನಾದರೆ ಏನೇನಾಗುತ್ತದೆ ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅಷ್ಟು ದಿನ ಬದುಕುತ್ತಾನೆಂದು ಅವರಿಗೂ ಗೊತ್ತಿರಲಿಲ್ಲವೋ ಏನೋ. ಹಾಗಾಗಿ ನನಗೆ ತಿಂಗಳಿಗೊಂದು ಪ್ರಸಂಗ ತಪ್ಪಿದ್ದಲ್ಲ.

೧. ಕುರ್ಚಿ

ಮನೆ ಬಂಟ್ವಾಳದ ಹತ್ತಿರ. ಮಾತ್ರೆ ತರುವುದು ದೂರದ ಬೆಳ್ತಂಗಡಿಯ ಆಸ್ಪತ್ರೆಯಿಂದ, ಗುರುತಿನವರು ಸಿಗಬಾರದಲ್ಲ. ಕಳೆದ ವರ್ಷ ಅಲ್ಲಿಯ ಸಿಸ್ಟರ್, "ಕೈ ಎದೆಗೆ ಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ" ಅಂದರು. ಮೂರನೆಯ ಸಲ ಏಳಲಾಗಲಿಲ್ಲ.

"ಪ್ರಾಯ ಆದಾಗ ಸ್ನಾಯು ಕರಗ್ತದೆ. ಈ ಕಾಯಿಲೆಯವರಿಗೆ ಸ್ವಲ್ಪ ಬೇಗ."

"ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವ ನಾನು, ಸಿಸ್ಟರ್. ಕೂತು ಅಭ್ಯಾಸ ಇಲ್ಲ."

"ಕೂರುವುದು ಸರಿ ಉಂಟು. ಏಳುವುದು ಮಾತ್ರ ಇಲ್ಲ," ಎಂದು ಬರೆದುಕೊಂಡರು.

೨. ಮರ್ಯಾದೆ

ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಾಲು ಸೋತರೆ ಬಸ್ಸು ಹತ್ತಿಸಲು ಜನ ಬೇಕು, ಜನ ಬಂದರೆ ಗುಟ್ಟು ರಟ್ಟು. ದಿನಾ ಬೆಳಿಗ್ಗೆ ಜಗಲಿಯಲ್ಲಿ ಹತ್ತು ಸಲ ಎದ್ದು ಕೂರತೊಡಗಿದೆ. ಎದುರುಮನೆಯ ನಿವೃತ್ತ ಮಾಸ್ಟ್ರು ತಮ್ಮ ಜಗಲಿಯಲ್ಲಿರುತ್ತಿದ್ದರು. ನಾನು ಎದ್ದರೆ ಅವರೂ ಏಳುತ್ತಿದ್ದರು. ತಮ್ಮನ್ನು ಕಂಡು ನಾನು ಎದ್ದೆನೆಂದು ತಿಳಿದು ಮರ್ಯಾದೆಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ.

ಕಾಯಿಲೆಯ ವಿಷಯ ಗೊತ್ತಿರುವುದು ನನ್ನ ಹೆಂಡತಿಗೆ ಮಾತ್ರ. ಅವಳು ಹೇಳಿದಳು: "ಒಳಗೆ ಮಾಡಿ ಮಾರಾಯ್ರೆ. ನೀವು ಗಟ್ಟಿಯಾಗುವಷ್ಟರಲ್ಲಿ ಎದ್ದು ಎದ್ದು ಮಾಸ್ಟ್ರ ಪ್ರಾಣ ಹೋಗಿರ್ತದೆ."

೩. ಜೊತೆ

ಮುಂದಿನ ಸಲ ಬೆಳ್ತಂಗಡಿಗೆ ಹೋದಾಗ ಆ ಕುರ್ಚಿಯಿಂದ ಎದೆಗೆ ಕೈ ಕಟ್ಟಿ ಏಳುತ್ತಿದ್ದವರು ಮಾಸ್ಟ್ರು. ನನಗೆ ಮರ್ಯಾದೆ ಕೊಟ್ಟದ್ದಲ್ಲ ಎಂದು ಆಗ ತಿಳಿಯಿತು.

"ಒಬ್ಬರನ್ನು ನೋಡ್ಲಿಕ್ಕೆ ಬಂದದ್ದು," ಅಂದರು ಮಾಸ್ಟ್ರು.

"ನಾನೂ," ಅಂದೆ.

"ಐದನೆಯದು ಬಾಕಿ ಉಂಟು," ಅಂದರು ಸಿಸ್ಟರ್.

ಆಮೇಲೆ ಹೊರಗೆ ಬೆಂಚಿನಲ್ಲಿ ಕೂತೆವು. ಮಾಸ್ಟ್ರು, "ನೀವು ನೋಡಬಾರದೆಂದೇ ಹನ್ನೊಂದು ವರ್ಷದಿಂದ ಇಷ್ಟು ದೂರ ಬರ್ತಿದ್ದೇನೆ" ಅಂದರು.

"ನಾನೂ ನಿಮಗೇ ಹೆದರಿ ಬರ್ತಿರುವುದು, ಮಾಸ್ಟ್ರೇ."

ಇನ್ನು ಬಸ್ಸು ಹತ್ತುವಾಗ ಕೈ ಹಿಡಿಯಲು ಒಬ್ಬರಿದ್ದಾರೆ, ಗುಟ್ಟೂ ಉಳಿಯಿತು.

ಸಿಸ್ಟರ್ ಇಬ್ಬರಿಗೂ ನಡೆಯಲು ಹೇಳಿದ್ದರು. ಮಾಸ್ಟ್ರು ಯೋಚಿಸಿದರು. "ಊರಲ್ಲಿ ಬೇಡ, ಜನ ಕೇಳ್ತಾರೆ. ಇಲ್ಲೂ ಬೇಡ. ಮೂಡುಬಿದಿರೆಗೆ ಹೋಗುವ."

ಈಗ ವಾರಕ್ಕೆರಡು ದಿನ ಬಸ್ಸಿನಲ್ಲಿ ಕೂತು ಮೂಡುಬಿದಿರೆಗೆ ಹೋಗುತ್ತೇವೆ, ಅರ್ಧ ಗಂಟೆ ನಡೆಯುತ್ತೇವೆ, ಮತ್ತೆ ಕೂತು ಬರುತ್ತೇವೆ. ಮೊನ್ನೆ ಅಲ್ಲಿ ನಮ್ಮೂರಿನವರೊಬ್ಬರು ದೂರದಿಂದ ಕೈ ಬೀಸಿದರು. ದಾರಿಯಲ್ಲಿ ನಡೆಯುವುದಕ್ಕೆ ಯಾರ ಹೆದರಿಕೆಯೂ ಬೇಕಿರಲಿಲ್ಲ. ಆದರೂ ಅಭ್ಯಾಸಬಲ, ಇಬ್ಬರೂ ಓಡಿದೆವು. ಕಾಲಿಗೆ ಶಕ್ತಿ ಬಂದದ್ದು ಗೊತ್ತಾದದ್ದೇ ಆಗ.